ಸ್ಕಾಟರ ಊರಿಗೆ ಹುಳಿ ಗಂಜಿ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಫೆಬ್ರವರಿಯ ಚಳಿ, ಕಾರಿನ ಮೀಟರು ಆರು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿದೆ. ಥಿಸಲ್ ಹೌಸ್ ಎಂಬ ವೃದ್ಧರ ಮನೆಯ ಹಿಂಬಾಗಿಲಿಗೆ ಬಂದು ನಿಂತ ಕಾರಿನಿಂದ ಶಿವಲಿಂಗಮ್ಮ ಇಳಿಯುತ್ತಾರೆ. ಮೊಣಕಾಲು ದಾಟುವ ಕೋಟು, ಕಿವಿ ಮುಚ್ಚುವ ಟೋಪಿ, ಟೋಪಿಯ ಅಂಚಿನಲ್ಲಿ ಇಣುಕುವ ವಿಭೂತಿ. ಕಾರು ಓಡಿಸಿಕೊಂಡು ಬಂದ ಗಂಡ ದಾನಪ್ಪ ಇಳಿಯುವುದಿಲ್ಲ. ಹೆಂಡತಿ ಒಳಗೆ ಹೋಗಿ ದೀಪ ಹಾಕುವವರೆಗೆ ಕಾದು ಗಾಡಿ ತಿರುಗಿಸುತ್ತಾರೆ. ಹದಿನಾರು ತಿಂಗಳಿಂದ ಇದೇ ಕ್ರಮ. ಈ ಹದಿನಾರು ತಿಂಗಳಲ್ಲಿ ಒಮ್ಮೆಯೂ ಅವರು ಆ ಬಾಗಿಲು ದಾಟಿಲ್ಲ.

ಒಳಗೆ ಶಿವಲಿಂಗಮ್ಮ ಕೈ ತೊಳೆದು, ಕೂದಲಿಗೆ ಬಲೆ ಹಾಕಿ, ಮೂಲೆಯ ಬಕೆಟ್ಟಿನ ಮುಚ್ಚಳ ತೆಗೆಯುತ್ತಾರೆ. ಹಿಂದಿನ ಸಂಜೆ ನೆನೆಹಾಕಿದ ಓಟ್ಸ್ ನುಚ್ಚು ಸಣ್ಣಗೆ ನೊರೆ ಎದ್ದು ಹುಳಿ ವಾಸನೆ ಬೀರುತ್ತಿದೆ. ಮೊದಲು ಬಗ್ಗಿ ಮೂಸಿ ನೋಡುತ್ತಾರೆ. ಆಮೇಲೆ ಹುಳಿ ಅಳೆಯುವ ಒಂದು ಕಾಗದದ ಪಟ್ಟಿ ಅದ್ದಿ, ಬಣ್ಣ ನೋಡಿ, ಗೋಡೆಯ ಹಾಳೆಯಲ್ಲಿ ಬರೆಯುತ್ತಾರೆ. "ಮೂಗಿಗೆ ಗೊತ್ತಾಗೈತೆ, ಆದ್ರೆ ಇಲ್ಲಿ ಮೂಗನ್ನ ಯಾರೂ ನಂಬಲ್ಲ ಕಣ್ರೀ, ಕಾಗದಾನೇ ಕೇಳ್ತಾರೆ" ಎಂದು ನಗುತ್ತಾರೆ. ಉಗಿಯ ಕೊಪ್ಪರಿಗೆಯಲ್ಲಿ ನೀರು ಮರಳುತ್ತದೆ, ಉಪ್ಪು ಬೀಳುತ್ತದೆ, ನುಚ್ಚು ಇಳಿಯುತ್ತದೆ. ಗೂಟದಿಂದ ಮೂರಡಿ ಉದ್ದದ ಮರದ ಕೋಲು ತೆಗೆದು ಶಿವಲಿಂಗಮ್ಮ ತಿರುವಲು ನಿಲ್ಲುತ್ತಾರೆ. ಏಳು ಗಂಟೆಗೆ ನಲವತ್ತಾರು ಬಟ್ಟಲು ಮೇಜಿಗೆ ಹೋಗಬೇಕು: ಮೂವತ್ತೊಂದು ಹುಳಿ, ಹದಿನೈದು ಸಪ್ಪೆ.

ಈ ಬಟ್ಟಲುಗಳ ಹಣೆಬರಹ ತೀರ್ಮಾನವಾಗಲು ಇನ್ನು ಮೂರು ವಾರವಷ್ಟೇ ಉಳಿದಿದೆ. ಮಾರ್ಚ್ ಹನ್ನೊಂದರ ಗುರುವಾರ ಥಿಸಲ್ ಹೌಸಿನ ಬೋರ್ಡು ಸಭೆ ಸೇರುತ್ತದೆ. ಈ ಆರ್ಥಿಕ ಕುಸಿತದಲ್ಲಿ ಸ್ವಂತ ಅಡಿಗೆಮನೆ ಸಾಕುವುದು ಕಷ್ಟ, ಮೂರು ಹೊತ್ತಿನ ಊಟವನ್ನೂ ಹೊರಗಿನ ಕಂಪನಿಯ ಲಾರಿಯಲ್ಲಿ ತರಿಸೋಣ ಎನ್ನುವುದು ಅವರ ಯೋಚನೆ. ಅಡಿಗೆಮನೆ ಮುಚ್ಚಿದರೆ ಶಿವಲಿಂಗಮ್ಮನ ಕೆಲಸ ಹೋಗುತ್ತದೆ. ಕೆಲಸದ ಹಿಂದೆಯೇ ಇನ್ಶೂರೆನ್ಸೂ ಹೋಗುತ್ತದೆ, ಆ ಇನ್ಶೂರೆನ್ಸಿನ ಮೇಲೆ ದಾನಪ್ಪನ ಹೃದಯ ನಿಂತಿದೆ. ಎರಡು ವರ್ಷದ ಹಿಂದೆ ಅವರಿಗೆ ಒಂದು ಸ್ಟೆಂಟ್ ಹಾಕಿದ್ದಾರೆ. ತಿಂಗಳಿಗೆ ಆರು ಬಗೆಯ ಮಾತ್ರೆ, ಮೂರು ತಿಂಗಳಿಗೊಮ್ಮೆ ಡಾಕ್ಟರು. ಅಮೆರಿಕದಲ್ಲಿ ಇನ್ಶೂರೆನ್ಸಿಲ್ಲದೆ ಹೃದಯ ಇಟ್ಟುಕೊಳ್ಳುವುದು ಹುಡುಗಾಟವಲ್ಲ.

ಥಿಸಲ್ ಹೌಸ್ ಇರುವ ಊರು ಗ್ಲೆನ್‌ಬ್ರೇ, ಶಿಕಾಗೋದಿಂದ ಮೂವತ್ತೈದು ಮೈಲಿ. ಕಾಗದದ ಮೇಲೆ ಇದೊಂದು ವಿಲೇಜು. ಆದರೆ ನಮ್ಮ ಹಳ್ಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಮೋಸ ಹೋಗುತ್ತೀರಿ. ಇಲ್ಲಿ ದನವಿಲ್ಲ, ತಿಪ್ಪೆಯಿಲ್ಲ, ಕಟ್ಟೆಯ ಮೇಲೆ ಕೂತು ಊರ ಉಸಾಬರಿ ಮಾಡುವವರಿಲ್ಲ. ಎಕರೆಗೊಂದು ಮನೆ, ನಡುನಡುವೆ ಕೊಳ, ಬೀದಿಗೆ ದೀಪವೂ ಇಲ್ಲ, ಫುಟ್‌ಪಾತೂ ಇಲ್ಲ. ಕತ್ತಲೂ ಇಲ್ಲಿ ಶ್ರೀಮಂತಿಕೆಯ ಲಕ್ಷಣ! ಊರು ಕಟ್ಟಿದವನು ಸ್ಕಾಟ್‌ಲೆಂಡಿನ ಕಡೆಯವನಂತೆ. ಬೀದಿಗಳಿಗೆಲ್ಲ ತನ್ನ ನಾಡಿನ ಊರುಗಳ ಹೆಸರಿಟ್ಟು ಹೋದ: ಡನ್‌ಬಾರ್, ಡಂಡೀ, ಡನ್‌ಕೆಲ್ಡ್, ಡನೂನ್. ಮೊದಲ ತಿಂಗಳು ದಾನಪ್ಪ ದಿನಾ ದಾರಿ ತಪ್ಪಿದರು. ಜುಲೈನಲ್ಲಿ ಊರಿನ ಗಂಡಸರು ಚೌಕಳಿ ಲಂಗ ತೊಟ್ಟು, ಚೀಲದ ಓಲಗ ಊದುತ್ತಾ ಮೆರವಣಿಗೆ ಹೋಗುತ್ತಾರೆ. "ನಮ್ಮೂರಿನ ವೀರಗಾಸೆ ನೆಪ್ಪಾತು. ನಮ್ಮೋರು ಕತ್ತಿ ಹಿಡೀತಾರೆ, ಇವ್ರು ಚೀಲ ಹಿಡೀತಾರೆ, ಅಷ್ಟೇಯ" ಎನ್ನುತ್ತಾರೆ ಶಿವಲಿಂಗಮ್ಮ. ಊರಿನ ಹಳೆಯ ಸ್ಕಾಟ್ ಮನೆತನಗಳು ಸೇರಿ ತಮ್ಮ ಹಿರಿಯರಿಗೆಂದು ಕಟ್ಟಿದ್ದು ಈ ಥಿಸಲ್ ಹೌಸು.

ಅಲ್ಲಿಗೆ ಹಿರಿಯೂರು ಸೀಮೆಯ ಹೆಂಗಸು ಬಂದು ಸೇರಿದ್ದು ಡೆಟ್ರಾಯಿಟ್ ಮಾರ್ಗವಾಗಿ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿದ ದಾನಪ್ಪ ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸಿನಲ್ಲಿ ಇಪ್ಪತ್ತೊಂದು ವರ್ಷ ಡೈ ಡಿಸೈನರ್. ಕಾರಿನ ಬಾಗಿಲಿನ ತಗಡನ್ನು ಒತ್ತುವ ಅಚ್ಚುಗಳ ನಕ್ಷೆ ಬರೆಯುವುದು ಅವರ ಕಸುಬು. 2008ರ ವಸಂತದಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ಬೀದಿಯಲ್ಲಿ ನಾಲ್ಕು ಮನೆಗಳ ಮುಂದೆ ಮಾರಾಟದ ಹಲಗೆ ನಿಂತವು, ಐದನೆಯದು ಇವರದು. ದಾನಪ್ಪನ ಕಾಲೇಜು ಗೆಳೆಯ ಪ್ರಕಾಶ್, ಗ್ಲೆನ್‌ಬ್ರೇ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ತಮ್ಮ ಮನೆಯ ಬೇಸ್‌ಮೆಂಟ್ ಬಿಟ್ಟುಕೊಟ್ಟರು. ಅಲ್ಲಿ ಕೂತು ದಾನಪ್ಪ ಅರ್ಜಿ ಹಾಕುತ್ತಾ ಹೋದರು. "ನೂರಾ ನಲವತ್ತು ಕಡೆ ಅಪ್ಲೈ ಮಾಡಿದೀನಿ. ಅರವತ್ತು ದಾಟಿದೋನು ಅಂತ ಗೊತ್ತಾದ್ಮೇಲೆ ಫೋನೂ ಎತ್ತಲ್ಲ" ಎನ್ನುವಾಗ ಅವರ ದನಿಯಲ್ಲಿ ಸಿಟ್ಟಿಲ್ಲ, ದಣಿವಿದೆ.

ಕೆಲಸ ಸಿಕ್ಕಿದ್ದು ಅರ್ಜಿಯನ್ನೇ ಹಾಕದ ಹೆಂಡತಿಗೆ. ಲೈಬ್ರರಿಯ ಗೋಡೆಯಲ್ಲಿ ಅಂಟಿಸಿದ ಚೀಟಿ ನೋಡಿ ಶಿವಲಿಂಗಮ್ಮ ನೇರ ಹೋಗಿ ಕೇಳಿದರು. ಥಿಸಲ್ ಹೌಸಿನ ಡೈರೆಕ್ಟರ್ ಹೆಲೆನ್, "ಐವತ್ತು ಜನಕ್ಕೆ ಅಡಿಗೆ ಮಾಡಿದ ಅನುಭವವಿದೆಯೇ?" ಎಂದರು. ಶಿವಲಿಂಗಮ್ಮನಿಗೆ ನಗು ಬಂತಂತೆ. "ನಮ್ಮಪ್ಪನ ಕಣದಾಗೆ ಒಕ್ಕಣೆ ಟೈಮಿಗೆ ಅರವತ್ತು ಆಳಿಗೆ ಮುದ್ದೆ ತಿರುವಿದೋಳು ನಾನು. ಅದನ್ನ ಇಂಗ್ಲಿಷಲ್ಲಿ ಹೆಂಗೆ ಹೇಳೋದು? ಎಸ್ ಮೇಡಮ್ ಅಂದೆ." ಐವತ್ತೈದನೆಯ ವಯಸ್ಸಿನಲ್ಲಿ ಅದು ಅವರ ಮೊದಲ ನೌಕರಿ. ಒಂದೇ ಒಂದು ಕರಾರು ಹಾಕಿದರು: ಮಾಂಸ ಮುಟ್ಟುವುದಿಲ್ಲ. ಮೆಕ್ಸಿಕೋ ಕಡೆಯ ಸಹಾಯಕಿ ಲೂಪೆ ಬೇಕನ್ನು ನೋಡಿಕೊಂಡರೆ ಇವರು ಗಂಜಿ, ತರಕಾರಿ ನೋಡಿಕೊಂಡರು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ ಆದ್ದರಿಂದ ಜಗಳಕ್ಕೆ ಆಸ್ಪದವೇ ಇರಲಿಲ್ಲ.

ಮೊದಲ ದಿನ ಊಟದ ಹಾಲಿನ ಗಾಜಿನ ಬೀರುವಿನಲ್ಲಿ ಶಿವಲಿಂಗಮ್ಮ ಒಂದಡಿ ಉದ್ದದ ಮರದ ಕೋಲು ಕಂಡರು. ಸ್ಕಾಟರು ಓಟ್ಸ್ ಗಂಜಿ ತಿರುವುವ ಕೋಲು ಅದು, ಯಾರದೋ ಮುತ್ತಜ್ಜಿಯದು. "ಅಯ್ಯೋ ಶಿವನೇ, ಇದು ನಮ್ ಮುದ್ದೆಕೋಲಿನ ಮರಿ ಅಲ್ವಾ!" ಮನೆಗೆ ಬಂದು ಗಂಡನಿಗೆ ಹೇಳಿದರು. ದಾನಪ್ಪ ಮೇಪಲ್ ಮರದ ತುಂಡು ತಂದು, ನಕ್ಷೆ ಬರೆದು, ಬೇಸ್‌ಮೆಂಟಿನಲ್ಲಿ ನಾಲ್ಕು ದಿನ ಉಜ್ಜಿ, ಮೂರಡಿ ಕೋಲು ಮಾಡಿಕೊಟ್ಟರು. ಆ ವರ್ಷ ಅವರು ಮಾಡಿದ ಕೆಲಸ ಅದೊಂದೇ. ಗಂಜಿಯನ್ನು ಬಲಕ್ಕೇ ತಿರುವಬೇಕು, ಎಡಕ್ಕೆ ತಿರುವಿದರೆ ದೆವ್ವ ಬರುತ್ತದೆ ಎಂದು ಅಲ್ಲಿನ ಅಜ್ಜಿಯೊಬ್ಬರು ಎಚ್ಚರಿಸಿದಾಗ ಶಿವಲಿಂಗಮ್ಮನಿಗೆ ಹೊಸದೇನೂ ಅನಿಸಲಿಲ್ಲ. ಪ್ರದಕ್ಷಿಣೆ ಹಾಕುವುದು ಎಡಕ್ಕೆಲ್ಲಾದರೂ ಉಂಟೇ?

ಇನ್ನು ಆ ಹುಳಿಯ ಕಥೆ. 2009ರ ಜನವರಿಯಲ್ಲಿ ನಡೆದ ತಪ್ಪು ಅದು, ಶುದ್ಧಾಂಗ ಶಿವಲಿಂಗಮ್ಮನದೇ. ಅಂಬಲಿಗೆ ರಾಗಿ ಹಿಟ್ಟು ಕಲಸಿಡುವ ರೂಢಿಯಂತೆ ಓಟ್ಸ್ ನುಚ್ಚನ್ನೂ ಹಿಂದಿನ ದಿನವೇ ನೆನೆಹಾಕಿ ಬಾಯ್ಲರಿನ ಪಕ್ಕ ಇಟ್ಟಿದ್ದರು. ಬೆಳಿಗ್ಗೆ ನೋಡಿದರೆ ಬುಸುಬುಸು ನೊರೆ. ಹೊರಗೆ ಹಿಮ ಬಿದ್ದು ಸಾಮಾನಿನ ವ್ಯಾನು ಬಂದಿಲ್ಲ, ಉಗ್ರಾಣದಲ್ಲಿ ಬೇರೆ ಓಟ್ಸ್ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಚರಂಡಿಗೆ ಸುರಿದು ಬ್ರೆಡ್ಡು ಕೊಡುತ್ತಿದ್ದರು. "ಕಾಳು ಚೆಲ್ಲೋದಾ? ಕೈ ಬರ್ಬೇಕಲ್ಲ! ಹುಳಿ ಬಂದ್ರೆ ಏನಾತು, ಅಂಬಲಿ ಹುಳಿ ಇಲ್ದೆ ಇರ್ತೈತಾ?" ಉಪ್ಪು ಹಾಕಿ, ಚೆನ್ನಾಗಿ ಕುದಿಸಿ, ಮೇಲೊಂದಿಷ್ಟು ಮಜ್ಜಿಗೆ ಬಿಟ್ಟು ಕಳಿಸಿಯೇಬಿಟ್ಟರು.

ತುಂಬಿದ ಬಟ್ಟಲುಗಳು ಹಾಗೆಯೇ ಒಂದೊಂದಾಗಿ ವಾಪಸು ಬರತೊಡಗಿದವು. ಹಿಂದೆಯೇ ಕರೆಯೂ ಬಂತು: ಅಡಿಗೆ ಮಾಡಿದವರು ಹಾಲಿಗೆ ಬರಬೇಕಂತೆ. ಕೆಲಸ ಹೋಯಿತೆಂದುಕೊಂಡೇ ಶಿವಲಿಂಗಮ್ಮ ಹೋದರು. ಕಿಟಕಿಯ ಬಳಿಯ ಮೇಜಿನಲ್ಲಿ ಎವನ್ ಮೆಕ್‌ಫೀ ಎಂಬ ಅಜ್ಜ ಖಾಲಿ ಬಟ್ಟಲು ಹಿಡಿದು ಕೂತಿದ್ದರು. ಹನ್ನೊಂದನೆಯ ವಯಸ್ಸಿಗೆ ಸ್ಕಾಟ್‌ಲೆಂಡಿನಿಂದ ಅಪ್ಪನ ಜೊತೆ ಡೆಟ್ರಾಯಿಟಿಗೆ ಬಂದು, ಕಾರು ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದ ಮನುಷ್ಯ. ಊರಿನಲ್ಲಿ ಅವರಜ್ಜಿ ಓಟ್ಸಿನ ಹೊಟ್ಟನ್ನು ನೆನೆಸಿ ಹುಳಿ ಬರಿಸಿ ಇಂಥದೇ ಗಂಜಿ ಕಾಯಿಸುತ್ತಿದ್ದಳಂತೆ. ಸೋವನ್ಸ್ ಅಂತ ಅದರ ಹೆಸರು. ಎಂಬತ್ತು ವರ್ಷದ ಮೇಲೆ ಬಾಯಿಗೆ ಬಿತ್ತು ಎಂದರು. ನೀನು ಯಾವ ಊರಿನವಳು ಎಂದು ಕೇಳಿದರು. "ನನ್ನಜ್ಜಿಯದು ಇದಕ್ಕಿಂತ ತೆಳ್ಳಗಿತ್ತು" ಎಂದು ಒಂದು ತಪ್ಪೂ ಹುಡುಕಿದರು. ಎರಡನೆಯ ಬಟ್ಟಲು ಮುಗಿಸಿದ ಮೇಲೆ, ಅದು ಬೇರೆ ಮಾತು!

ಹತ್ತು ದಿನ ಹುಳಿ ಗಂಜಿ ನಡೆಯಿತು. ಹನ್ನೊಂದನೆಯ ದಿನ ಕೌಂಟಿಯ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರು ಬಂದು ಬಕೆಟ್ಟಿಗೆ ಥರ್ಮಾಮೀಟರ್ ಇಳಿಸಿ, ಮುಖ ಕಿವುಚಿ, ಅಷ್ಟನ್ನೂ ಮೋರಿಗೆ ಸುರಿಸಿದರು. ಮುದುಕರ ಹೊಟ್ಟೆಯ ಪ್ರಶ್ನೆ, ಅವರದೂ ತಪ್ಪೆನ್ನುವಂತಿಲ್ಲ. ಶಿವಲಿಂಗಮ್ಮನಿಗೆ ಎಚ್ಚರಿಕೆಯ ಪತ್ರ ಬಂತು. ಆದರೆ ಅಷ್ಟರಲ್ಲಿ ಮೆಕ್‌ಫೀ ಅಜ್ಜ ಇಡೀ ಹಾಲಿಗೆ ಹುಳಿಯ ರುಚಿ ಹತ್ತಿಸಿದ್ದರು. ಮೂರು ತಿಂಗಳು ಅವರೆಲ್ಲ ಸೇರಿ ಹೆಲೆನ್ನರ ತಲೆ ತಿಂದರು. ಕೊನೆಗೆ ಹೆಲೆನ್ ಇನ್‌ಸ್ಪೆಕ್ಟರರಿಂದ ಅಪ್ಪಣೆ ತಂದರು, ಜೊತೆಗೆ ನಿಯಮಗಳ ಎಂಟು ಹಾಳೆ: ಬಕೆಟ್ಟನ್ನು ಬಿಸಿನೀರಲ್ಲಿ ತೊಳೆಯಬೇಕು, ಹನ್ನೆರಡು ಗಂಟೆಗಿಂತ ಹೆಚ್ಚು ನೆನೆಸಬಾರದು, ಎರಡು ಸಲ ತಾಪ ನೋಡಬೇಕು, ಪಟ್ಟಿ ಅದ್ದಬೇಕು, ಎಲ್ಲ ಬರೆದಿಡಬೇಕು. ಜವಾಬ್ದಾರಿ ಒಬ್ಬರದೇ ಇರಬೇಕು. ಆ ಜಾಗದಲ್ಲಿ ಶಿವಲಿಂಗಮ್ಮನ ಹೆಸರು ಟೈಪಾಗಿದೆ. ಹನ್ನೆರಡು ಗಂಟೆಯ ಲೆಕ್ಕ ಕೂಡಿಬರಲು ಅವರು ದಿನಾ ಸಂಜೆ ಐದಕ್ಕೆ ಮತ್ತೆ ಬಂದು ನೆನೆಹಾಕುತ್ತಾರೆ. ಅರ್ಧ ಗಂಟೆಯ ಕೆಲಸ. ಅದು ಕೆಲಸ ಎಂದು ಅವರಿಗೆ ಅನಿಸಿಯೇ ಇಲ್ಲ, ಮನೆಯಲ್ಲಿ ಹೆಪ್ಪು ಹಾಕುವುದನ್ನು ಯಾರು ಕೆಲಸ ಅಂತಾರೆ?

ಇಷ್ಟಾದರೂ ನಮ್ಮವರ ನಡುವೆ ಈ ಕೆಲಸಕ್ಕೆ ಹೆಸರಿಲ್ಲ. ಡಾಕ್ಟರು, ಎಂಜಿನಿಯರುಗಳೇ ತುಂಬಿದ ಕನ್ನಡ ಬಳಗದಲ್ಲಿ "ಆಂಟಿ ಏನ್ ಮಾಡ್ತಿದಾರೆ?" ಎಂಬ ಪ್ರಶ್ನೆ ಬಂದರೆ ದಾನಪ್ಪ "ಹೆಲ್ತ್‌ಕೇರಲ್ಲಿದಾರೆ" ಎಂದು ಮಾತು ತೇಲಿಸುತ್ತಾರೆ. ಹಿಂಬಾಗಿಲು ದಾಟದಿರುವುದಕ್ಕೂ ಕಾರಣ ಅದೇ. ಶಿವಲಿಂಗಮ್ಮನಿಗೆ ಇದು ತಿಳಿಯದೇ? "ನಂಗೇನೂ ನಾಚ್ಕೆ ಇಲ್ಲ. ಅವ್ರಿಗೆ ನೋವೈತೆ. ಹೆಂಡ್ತಿ ಮುಸುರೆ ತಿಕ್ಕಿ ತನ್ನ ಮಾತ್ರೆ ತರ್ತಾಳೆ ಅಂತ. ನಾನು ಕೆದಕೋಕೆ ಹೋಗಿಲ್ಲ" ಎನ್ನುತ್ತಾ ಕೊಪ್ಪರಿಗೆಯ ಅಂಚು ಒರೆಸುತ್ತಾರೆ. ಮೆಕ್‌ಫೀ ಅಜ್ಜ ಮಾತ್ರ ಬಿಡುವುದಿಲ್ಲ. ನಿನ್ನ ಗಂಡ ಡೈ ಮಾಡುವವನಂತೆ, ನಾನೂ ಅದೇ ಕಸುಬಿನವನು, ಅವನು ಕಾರಿನಲ್ಲಿ ಯಾಕೆ ಕೂತಿರುತ್ತಾನೆ ಎಂದು ವಾರಕ್ಕೊಮ್ಮೆಯಾದರೂ ಕೇಳುತ್ತಾರೆ.

ಮಾರ್ಚ್ ಹನ್ನೊಂದು ಬರುತ್ತದೆ. ಬೋರ್ಡಿನ ಮುಂದೆ ಮೂವತ್ತೊಂದು ಮುದುಕರ ಸಹಿಯಿರುವ ಕಾಗದವಿದೆ. ಕಂಪನಿಯವರು ಎಲ್ಲ ಕೊಡಬಲ್ಲರು, ಹುಳಿ ಗಂಜಿ ಮಾತ್ರ ಅವರ ಪಟ್ಟಿಯಲ್ಲಿಲ್ಲ. ಎರಡು ಗಂಟೆ ಚರ್ಚೆಯಾಗಿ ತೀರ್ಮಾನ ಹೊರಬೀಳುತ್ತದೆ: ಏಪ್ರಿಲ್ ಒಂದರಿಂದ ಮಧ್ಯಾಹ್ನ, ರಾತ್ರಿಯ ಊಟ ಲಾರಿಯಲ್ಲಿ, ಬೆಳಗಿನ ಗಂಜಿ ಇಲ್ಲೇ. ಐದು ಜನರ ಅಡಿಗೆಮನೆಯಲ್ಲಿ ಉಳಿಯುವುದು ಶಿವಲಿಂಗಮ್ಮ ಒಬ್ಬರೇ. ಲೂಪೆ ಅವರನ್ನು ತಬ್ಬಿಕೊಂಡು ಅಳುತ್ತಾಳೆ, ಇವರೂ ಅಳುತ್ತಾರೆ. "ನಾನು ಉಳ್ಕೊಂಡೆ ಅಂತ ಖುಷಿ ಪಡ್ಲಾ, ಅವ್ಳು ಹೋದ್ಲು ಅಂತ ಅಳ್ಲಾ? ಎರಡು ಮಕ್ಕಳು ಅವ್ಳಿಗೆ" ಎನ್ನುತ್ತಾರೆ.

ಉಳಿದುಕೊಂಡದ್ದೂ ಅರೆಬರೆ. ಬೆಳಗಿನ ಕೆಲಸವೆಂದರೆ ಐದರಿಂದ ಒಂಬತ್ತು, ನಾಲ್ಕು ಗಂಟೆ. ವಾರದ ಏಳೂ ದಿನ ಬಂದರೂ ಇಪ್ಪತ್ತೆಂಟು. ಇನ್ಶೂರೆನ್ಸ್ ಬೇಕಾದರೆ ವಾರಕ್ಕೆ ಮೂವತ್ತು ಗಂಟೆ ದುಡಿದಿರಬೇಕು ಎನ್ನುವುದು ಆ ಮನೆಯ ಕಾನೂನು. ಎರಡೇ ಎರಡು ಗಂಟೆ ಕಡಿಮೆ! ಹೆಲೆನ್ ಕೈಚೆಲ್ಲುತ್ತಾರೆ. ಆ ಸಂಜೆ ಶಿವಲಿಂಗಮ್ಮ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತು ಗಂಡನಿಗೆ ಸುದ್ದಿ ಹೇಳುತ್ತಾರೆ. ದಾನಪ್ಪ ಒಂದು ಪ್ರಶ್ನೆ ಕೇಳುತ್ತಾರೆ. "ಅಲ್ಲಮ್ಮ, ದಿನಾ ಸಂಜೆ ನಿನ್ನ ಕರ್ಕೊಂಡು ಹೋಗಿ ಅರ್ಧ ಗಂಟೆ ಕಾಯ್ತೀನಲ್ಲ, ಅದು ಯಾವ ಲೆಕ್ಕಕ್ಕೆ ಹೋಗೈತೆ?"

ಯಾವ ಲೆಕ್ಕಕ್ಕೂ ಹೋಗಿರಲಿಲ್ಲ.

ದಾನಪ್ಪ ಡ್ರಾಯಿಂಗ್ ಹಾಳೆ ತೆಗೆಯುತ್ತಾರೆ. ಬಾಗಿಲ ತಗಡಿನ ಅಚ್ಚು ಬರೆಯುತ್ತಿದ್ದ ಕೈ ಈಗ ಹೆಂಡತಿಯ ದಿನವನ್ನು ಅಳತೆ ಹಾಕಿ ಬರೆಯುತ್ತದೆ: ಬಕೆಟ್ ತೊಳೆಯಲು ಎಂಟು ನಿಮಿಷ, ನೆನೆಹಾಕಲು ಐದು, ಮೊದಲ ತಾಪ ನೋಡಲು ಒಂದು, ಎರಡನೆಯ ತಾಪಕ್ಕೆ ಕಾಯಲು ಹದಿನೈದು, ಬರೆಯಲು ಒಂದು. ಒಟ್ಟು ಮೂವತ್ತು ನಿಮಿಷ, ಇನ್‌ಸ್ಪೆಕ್ಟರರ ಎಂಟು ಹಾಳೆಗಳ ಆಧಾರದ ಮೇಲೆ. ಏಳು ದಿನಕ್ಕೆ ಮೂರೂವರೆ ಗಂಟೆ. ಕೂಡಿದರೆ ಮೂವತ್ತೊಂದೂವರೆ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಬಂದು ಅವರು ಕಾರಿನಿಂದ ಇಳಿಯುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸುರುಳಿ ಸುತ್ತಿದ ಹಾಳೆ. ಹಿಂಬಾಗಿಲು ದಾಟಿ, ಕೊಪ್ಪರಿಗೆಯ ಮುಂದೆ ಬೆರಗಾಗಿ ನಿಂತ ಹೆಂಡತಿಯನ್ನೂ ದಾಟಿ, ಹೆಲೆನ್ನರ ಕೋಣೆಗೆ ಹೋಗುತ್ತಾರೆ. ಹಾಳೆಯನ್ನು ಮೇಜಿನ ಮೇಲೆ ಹರಡಿ ಬೆರಳಿಟ್ಟು ತೋರಿಸುತ್ತಾರೆ. ಹೆಲೆನ್ ಒಮ್ಮೆ ನೋಡುತ್ತಾರೆ, ಇನ್ನೊಮ್ಮೆ ನೋಡುತ್ತಾರೆ, ಮುಖ ಕೆಂಪಾಗುತ್ತದೆ. ಇಷ್ಟು ದಿನ ಇದನ್ನು ಕೆಲಸವೆಂದು ಎಣಿಸದಿದ್ದದ್ದು ತಮ್ಮದೇ ತಪ್ಪು ಎನ್ನುತ್ತಾರೆ. ವಾರಕ್ಕೆ ಮೂವತ್ತೊಂದೂವರೆ ಗಂಟೆ ಎಂದು ಬರೆದು, ಹಿಂದಿನ ಬಾಕಿ ಸಂಬಳವನ್ನೂ ಸೇರಿಸಿ ಸರಿಮಾಡುತ್ತಾರೆ. ಚರಂಡಿಗೆ ಹೋಗಬೇಕಿದ್ದ ಹುಳಿ ಕೊನೆಗೆ ದಾನಪ್ಪನ ಹೃದಯವನ್ನು ಕಾಪಾಡಿದೆ. ಆದರೆ ಶಿವಲಿಂಗಮ್ಮನಿಗೆ ಇನ್ನು ವಾರದಲ್ಲಿ ಒಂದು ದಿನವೂ ರಜೆಯಿಲ್ಲ.

ಲೂಪೆ ಹೋದ ಮೇಲೆ ನಲವತ್ತಾರು ಬಟ್ಟಲು ತಳ್ಳುಗಾಡಿಯಲ್ಲಿ ಸಾಗಿಸಲು ಕೈ ಸಾಲದು. ಏಪ್ರಿಲ್ ಒಂದರ ಬೆಳಿಗ್ಗೆ ದಾನಪ್ಪ ಗಾಡಿ ತಿರುಗಿಸುವುದಿಲ್ಲ. ಒಳಗೆ ಬಂದು, ತಲೆಗೆ ಬಲೆ ಹಾಕಿಕೊಂಡು, ಎದೆಗೆ ಸ್ವಯಂಸೇವಕನ ಬಿಲ್ಲೆ ಸಿಕ್ಕಿಸಿ, ಅಪ್ಪಣೆಗೆ ಕಾಯುತ್ತಾ ನಿಲ್ಲುತ್ತಾರೆ. "ಮೂವತ್ತೆರಡು ವರ್ಷದಾಗೆ ನನ್ ಅಡಿಗೆಮನೆ ಹೊಸ್ಲು ತುಳೀದೋರು" ಎಂದು ಶಿವಲಿಂಗಮ್ಮ ಬಾಯಿಗೆ ಸೆರಗಿಲ್ಲದ ತಪ್ಪಿಗೆ ಏಪ್ರನ್ನನ್ನೇ ಒತ್ತಿಕೊಂಡು ನಗುತ್ತಾರೆ. ಆದರೆ ಎಂಜಿನಿಯರು ಎಂಜಿನಿಯರೇ. ಮೂರನೆಯ ದಿನಕ್ಕೆ ತಳ್ಳುಗಾಡಿಯ ಕಿರುಗುಡುವ ಚಕ್ರ ಸರಿಯಾಗುತ್ತದೆ, ಐದನೆಯ ದಿನಕ್ಕೆ ಬಟ್ಟಲುಗಳು ಚೆಲ್ಲದಂತೆ ಗಾಡಿಗೊಂದು ಕಟ್ಟು ಬೀಳುತ್ತದೆ. ಗಂಜಿ ಹಂಚಿದ ಮೇಲೆ ಅವರು ಮೆಕ್‌ಫೀ ಅಜ್ಜನ ಮೇಜಿನಲ್ಲಿ ಕೂರುತ್ತಾರೆ. ಇಬ್ಬರೂ ಅಚ್ಚು, ತಗಡು, ಅಂಗುಲದ ಸಾವಿರದ ಒಂದಂಶ ಎಂದು ಗಂಟೆಗಟ್ಟಲೆ ಮಾತಾಡುತ್ತಾರೆ. ಬಟ್ಟಲು ತೊಳೆಯಲು ಕರೆದರೆ ಮಾತ್ರ ದಾನಪ್ಪನಿಗೆ ಕಿವಿ ಕೇಳುವುದಿಲ್ಲ.

ಮೇ ಹದಿನಾರು, ಭಾನುವಾರ, ಬಸವ ಜಯಂತಿ. ಬೆಳಗಿನ ಗಂಜಿ ಮುಗಿಸಿ ಸ್ನಾನ ಮಾಡಿ ದಂಪತಿ ಶಿಕಾಗೋ ಪಕ್ಕದ ಲೆಮಾಂಟ್ ಊರಿನ ಗುಡಿಗೆ ಬಂದಿದ್ದಾರೆ. ಸಭಾಂಗಣದಲ್ಲಿ ಊಟದ ಸಾಲು. ಮೈಸೂರು ಕಡೆಯ ಯುವಕ ಪ್ರಸನ್ನ, ಹೊಸದಾಗಿ ಊರಿಗೆ ಬಂದವನು, ತಟ್ಟೆ ಹಿಡಿದು ಗೌರವದಿಂದ ಕೇಳುತ್ತಾನೆ. "ಅಂಕಲ್, ನೀವು ಈಗ ಎಲ್ಲಿ ವರ್ಕ್ ಮಾಡ್ತಿದೀರಾ?"

ಶಿವಲಿಂಗಮ್ಮ ಪಾಯಸದ ಬಟ್ಟಲಿನ ಕಡೆ ಕಣ್ಣು ತಿರುಗಿಸುತ್ತಾರೆ. ಈ ಪ್ರಶ್ನೆಗೆ ಗಂಡನ ಮುಖ ಹೇಗೆ ಬಾಡುತ್ತದೆ ಎಂಬುದು ಅವರಿಗೆ ಗೊತ್ತು, ಅದನ್ನು ನೋಡುವುದು ಬೇಡ. ದಾನಪ್ಪ ತುತ್ತು ನುಂಗಿ, ನೀರು ಕುಡಿದು, ಸುತ್ತ ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಾರೆ.

"ಶಿವಲಿಂಗಮ್ಮನ ಕೈ ಕೆಳಗೆ. ಗ್ಲೆನ್‌ಬ್ರೇನಲ್ಲಿ ನಲವತ್ತಾರು ಜನ ಹಿರಿಯರಿಗೆ ಗಂಜಿ ಕಾಯಿಸ್ತಾಳೆ. ಗಾಡಿ ತಳ್ಳೋದು ನಂದು."

ಮದುವೆಯಾದಂದಿನಿಂದ ನಾಲ್ಕು ಜನರ ಎದುರು ಅವರು ಹೆಂಡತಿಯ ಹೆಸರು ಹಿಡಿದದ್ದಿಲ್ಲ. ಶಿವಲಿಂಗಮ್ಮ ಪಾಯಸದ ಬಟ್ಟಲು ಕೆಳಗಿಡುತ್ತಾರೆ. ಆಮೇಲೆ ಕಣ್ಣೊರೆಸಿಕೊಂಡು ಗೋಡೆಯ ಗಡಿಯಾರ ನೋಡಿ ಎದ್ದು ನಿಲ್ಲುತ್ತಾರೆ.

"ಮಾತು ಸಾಕು, ಏಳ್ರಿ. ನಲವತ್ತು ಮೈಲಿ ಹೋಗ್ಬೇಕು, ಐದಕ್ಕೆ ನೆನೆಹಾಕ್ಬೇಕು."